ಸೊಸೆ ಓದಲು ಹೋದ ವರ್ಷ

“ಫೋನ್ ಹಚ್ಚಲೇ ಆಕಿಗೆ. ಇವತ್ತ ವಿಮಾನ ಹತ್ತು ಅನ್ನು,” ಎಂದು ಮೂಕಣ್ಣ ಗದರಿದ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಬಾಗಿಲಿಗೆ ಒರಗಿ ಹೊನ್ನೂರಸ್ವಾಮಿ ಫೋನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಗಣಿಯಿಂದ ನೇರವಾಗಿ ಓಡಿಬಂದಿದ್ದರಿಂದ ಹುಬ್ಬು, ಕಿವಿಯ ಸಂದು, ಅಂಗಿಯ ಕಾಲರು ಎಲ್ಲ ಅದಿರಿನ ಕೆಂಪು ಧೂಳು. ಒಳಗೆ ಕಿಟಕಿಯ ಪಕ್ಕದ ಮಂಚದ ಮೇಲೆ ಅವನ ತಾಯಿ ಸುಂಕಮ್ಮ ಮಲಗಿದ್ದಳು. ಬೆಳಿಗ್ಗೆ ಸಂಡೂರಿನ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದು, ಸೊಂಟದ ಕೆಳಗೆ ತೊಡೆಯ ಎಲುಬು ಮುರಿದಿತ್ತು. ಮರುದಿನ ಆಪರೇಷನ್ ಎಂದು ಡಾಕ್ಟರು ಹೇಳಿಹೋಗಿದ್ದರು.

ಮೂಕಣ್ಣ ಸುಂಕಮ್ಮನ ತಮ್ಮ. ಸುದ್ದಿ ಕೇಳಿದ್ದೇ ಚೋರನೂರಿನಿಂದ ಸಿಕ್ಕ ಬಸ್ಸು ಹತ್ತಿ ಬಂದಿದ್ದ. ಅವನು ‘ಆಕಿ’ ಎಂದದ್ದು ಹೊನ್ನೂರಸ್ವಾಮಿಯ ಹೆಂಡತಿ ಚಂದ್ರಕಲಾಳನ್ನು. ಅವಳು ಸ್ಕಾಲರ್‌ಶಿಪ್ ಸಿಕ್ಕಿ, ಒಂದು ವರ್ಷದ ಮನಃಶಾಸ್ತ್ರದ ಓದಿಗೆಂದು ಇಂಗ್ಲೆಂಡಿನ ಲೀಡ್ಸ್ ಎಂಬ ಊರಿಗೆ ಹೋಗಿದ್ದಳು. ಗಣೇಶ ಚೌತಿ ಮುಗಿದ ಮೇಲೆ ಹೋದವಳು. ಈಗ ಶಿವರಾತ್ರಿ ಹತ್ತಿರ ಬಂದಿತ್ತು.

“ನಾನು ಮೊದ್ಲ ಬಡಕೊಂಡೆ,” ಎಂದು ಮೂಕಣ್ಣ ದನಿ ಏರಿಸಿದ. “ಮಗಳು ದೊಡ್ಡಾಕಿ ಆಗೋ ಹೊತ್ತಿನ್ಯಾಗ ತಾಯಿ ಪಾಟಿಚೀಲ ಹಿಡಕೊಂಡು ಸಾಲಿಗೆ ಹೊಂಟ್ಲಂದ್ರ ಮಂದಿ ನಗಂಗಿಲ್ಲೇನು? ಈಗ ನೋಡು. ನಮ್ಮಕ್ಕಗ ಒಂದು ಗುಟುಕು ನೀರು ಕುಡಿಸಾಕ ಮನಿಯಾಗ ಒಂದು ಹೆಣ್ಣು ದಿಕ್ಕಿಲ್ಲ.”

“ಮೂಕಾ, ಬಾರಲೇ ಇಲ್ಲಿ,” ಎಂದು ಮಂಚದಿಂದ ದನಿ ಬಂತು.

ಇಬ್ಬರೂ ಒಳಗೆ ಹೋದರು. ಸುಂಕಮ್ಮನ ಮುಖ ನೋವಿನಿಂದ ಬೂದಿ ಬಣ್ಣಕ್ಕೆ ತಿರುಗಿತ್ತು. ಕಣ್ಣು ಮಾತ್ರ ಯಾವತ್ತಿನಂತೆಯೇ ಚುರುಕಾಗಿದ್ದವು.

“ಮುರದದ್ದು ಯಾರ ಕಾಲು?”

“ನಿಂದ.”

“ಹಂಗಾರ ಆಕಿ ಯಾಕ ಕುಂಟಬೇಕು?”

ಮೂಕಣ್ಣ ಏನೋ ಹೇಳಲು ಬಾಯಿ ತೆರೆದ. ಸುಂಕಮ್ಮ ಕೈಯೆತ್ತಿ ತಡೆದಳು. “ಫೋನ್ ಕಿಸೇಕ ಇಡು ಹೊನ್ನೂರಾ. ಆಕಿಗೆ ತಿಳಿಬಾರ್ದು. ಆಣಿ ಮಾಡು ನನ್ನ ಮ್ಯಾಲೆ.”

ಹೊನ್ನೂರಸ್ವಾಮಿ ಆಣೆ ಮಾಡಲಿಲ್ಲ. ಆದರೆ ಫೋನನ್ನು ಜೇಬಿಗಿಟ್ಟ.

ಸೊಸೆಯ ಓದಿನ ಮೇಲೆ ಸುಂಕಮ್ಮನಿಗಿದ್ದ ಹಟ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಹೊನ್ನೂರಸ್ವಾಮಿ ಇನ್ನೂ ಅಂಬೆಗಾಲಿಡುತ್ತಿದ್ದಾಗ ಅವನ ಅಪ್ಪ ಗಣಿಯಲ್ಲಿ ಮಣ್ಣು ಕುಸಿದು ಸತ್ತಿದ್ದ. ಆಮೇಲೆ ಸುಂಕಮ್ಮ ಮಾತು ಬಿಟ್ಟಳು, ಊಟ ಬಿಟ್ಟಳು, ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಳು. ಗಾಳಿ ಸೋಕಿದೆ ಎಂದು ಊರವರು ಅವಳನ್ನು ದೆವ್ವ ಬಿಡಿಸುವ ಯಾರೋ ಒಬ್ಬನ ಹತ್ತಿರ ಎಳೆದುಕೊಂಡು ಹೋದರು. ಅವನು ಬೇವಿನ ಬರಲಿನಿಂದ ಹೊಡೆದ, ಮೂಗಿಗೆ ಮೆಣಸಿನಕಾಯಿಯ ಹೊಗೆ ಹಿಡಿದ. ಹೇಗೋ ಒಂದು ದಿನ ಎದ್ದಳು, ದುಡಿದಳು, ಮಗನನ್ನು ಬೆಳೆಸಿದಳು. ಆ ದಿನಗಳ ಬಗ್ಗೆ ಅವಳೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಕೇಳಿದವಳು ಚಂದ್ರಕಲಾ. ಮದುವೆಯಾಗಿ ಬಂದ ಹೊಸತು. ಪಡಸಾಲೆಯಲ್ಲಿ ಅತ್ತೆ ಸೊಸೆ ಶೇಂಗಾ ಸುಲಿಯುತ್ತಿದ್ದಾಗ, “ಅತ್ತಿ, ಆವಾಗ ನಿಮಗ ಹೆಂಗಾಗಿತ್ತು?” ಎಂದಳಂತೆ. ಅಷ್ಟೇ ಕೇಳಿ ಸುಮ್ಮನೆ ಕುಳಿತಳಂತೆ. ದೀಪ ಹಚ್ಚುವ ಹೊತ್ತಾದರೂ ಸುಂಕಮ್ಮನ ಮಾತು ಮುಗಿಯಲಿಲ್ಲ. ಅವತ್ತು ಹೊನ್ನೂರಸ್ವಾಮಿ ಕೆಲಸದಿಂದ ಬಂದಾಗ ಒಲೆ ಹೊತ್ತಿರಲಿಲ್ಲ. ಇಬ್ಬರೂ ಹೆಂಗಸರು ಶೇಂಗಾ ಸಿಪ್ಪೆಯ ನಡುವೆ ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತಿದ್ದರು. “ಹಿಂಗ ಕೇಳೋದನ್ನ ಕಲಸೋ ಓದು ಯಾವುದಾರ ಇದ್ರ, ಅದನ್ನ ಓದಬೇಕು ನೀನು,” ಎಂದು ಸೊಸೆಗೆ ಹೇಳಿದವಳು ಸುಂಕಮ್ಮನೇ. ಬಳ್ಳಾರಿಗೆ ಬಸ್ಸಿನಲ್ಲಿ ಓಡಾಡಿಕೊಂಡು ಚಂದ್ರಕಲಾ ಎಂ.ಎ. ಮುಗಿಸಿದಳು. ಮಗಳು ಹೇಮಾವತಿಯನ್ನು ಆಗ ಎತ್ತಿ ಆಡಿಸಿದವಳೂ ಸುಂಕಮ್ಮನೇ. ಆಮೇಲೆ ಸಂಡೂರಿನ ಆಸ್ಪತ್ರೆಯಲ್ಲಿ ಚಂದ್ರಕಲಾ ಆಪ್ತಸಮಾಲೋಚಕಿಯಾದಳು. ಕುಡಿತ ಬಿಡಲಾಗದ ಲಾರಿ ಡ್ರೈವರುಗಳು, ನಿದ್ದೆ ಬಾರದ ಅವರ ಹೆಂಡಂದಿರು ಅವಳ ಮುಂದೆ ಬಂದು ಕೂರತೊಡಗಿದರು.

ಆಪರೇಷನ್ ಚೆನ್ನಾಗಿ ಆಯಿತು. ಕಷ್ಟ ಶುರುವಾದದ್ದು ಆಮೇಲೆ. ಮೂಕಣ್ಣನ ಹೆಂಡತಿ ಕೆಲವು ದಿನ ಇದ್ದು, ಮೆಣಸಿನಕಾಯಿ ಬಿಡಿಸುವ ಹೊತ್ತೆಂದು ಊರಿಗೆ ಹೊರಟಳು. ಹೊನ್ನೂರಸ್ವಾಮಿ ರಜೆ ಹಾಕಿ ತಾಯಿಯ ಪಕ್ಕ ಕುಳಿತ. ಅವತ್ತು ಇಡೀ ದಿನ ಸುಂಕಮ್ಮ ನೀರು ಮುಟ್ಟಲಿಲ್ಲ. ಬಾಯಾರಿಕೆ ಇಲ್ಲ ಎಂದಳು, ವಾಕರಿಕೆ ಎಂದಳು. ತುಟಿ ಒಣಗಿ ಬಿರಿದಿತ್ತು. ಸಂಜೆ ನರ್ಸು ಬಂದು ಬೈದು ಹೋದ ಮೇಲೆ ಅವನಿಗೆ ಹೊಳೆಯಿತು. ನೀರು ಕುಡಿದರೆ ಮಲಗಿದಲ್ಲೇ ಮೂತ್ರಕ್ಕೆ ಹೋಗಬೇಕು. ಬೆಡ್‌ಪ್ಯಾನ್ ಇಡಬೇಕಾದವನು ಮಗ.

ಚಂದ್ರಕಲಾ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು ಯೋಚಿಸಿದ. ಸುಮ್ಮನೆ ಕೂರುತ್ತಿದ್ದಳು. ಅವನೂ ಸ್ಟೂಲು ಹತ್ತಿರಕ್ಕೆಳೆದು ಸುಮ್ಮನೆ ಕುಳಿತ. ಬಹಳ ಹೊತ್ತಾದ ಮೇಲೆ ಸುಂಕಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ, “ಮಗನ ಕೈಲೆ ಇದನ್ನ ಮಾಡಿಸ್ಕೊಳೋ ಬದ್ಲಿ ಅವತ್ತ ಕಲ್ಲಿನ ಮ್ಯಾಲೆ ತಲಿ ಒಡದು ಸತ್ತಿದ್ರ ಚಲೋ ಇತ್ತು,” ಎಂದಳು.

“ನನ್ನ ಕುಂಡಿ ತೊಳದಾಕಿ ಯಾರು?” ಎಂದ ಹೊನ್ನೂರಸ್ವಾಮಿ.

“ನೀನು ಆವಾಗ ಇಷ್ಟ ಇದ್ದಿ.”

“ಈಗ ನೀ ಇಷ್ಟ ಆಗೀ.”

ಸುಂಕಮ್ಮನಿಗೆ ನಗು ಬಂತು. ನಕ್ಕರೆ ಕಾಲು ನೋಯುತ್ತದೆ ಎಂದು ಬೈಯುತ್ತಲೇ ನಕ್ಕಳು. ಆಮೇಲೆ ಕೈ ಚಾಚಿ ನೀರಿನ ಲೋಟ ಇಸಿದುಕೊಂಡಳು.

ಮನೆಗೆ ಬಂದ ಮೇಲೆ ಅವನು ಎಲ್ಲವನ್ನೂ ಒಂದೊಂದಾಗಿ ಕಲಿತ. ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಹೊರಳಿಸುವುದು, ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸುವುದು, ತಲೆಗೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸುವುದು. ಹೇಮಾವತಿ ರೊಟ್ಟಿ ತಟ್ಟಲು ಕಲಿಯುತ್ತೇನೆ ಎಂದಾಗ, “ನೀ ನಿನ್ನ ಪುಸ್ತಕ ಹಿಡಿ,” ಎಂದು ತಾನೇ ಹಿಟ್ಟಿಗೆ ಕೈ ಹಾಕಿದ. ಅವನ ರೊಟ್ಟಿಗಳಿಗೆ ಆಕಾರ ಇರಲಿಲ್ಲ. ಸುಂಕಮ್ಮ ಮಾತ್ರ ಯಾವುದಕ್ಕೂ ಹೆಸರಿಡದೆ ತಿಂದಳು.

ಗಣಿಯಲ್ಲಿ ಮಾತುಗಳಿಗೆ ಬರವಿರಲಿಲ್ಲ. ಅವನ ಜೊತೆಗೆ ಅದಿರಿನ ಟಿಪ್ಪರ್ ಓಡಿಸುವ ಕನಕರಾಜ್ ಎಲ್ಲರ ಮುಂದೆ, “ಹೆಂಡ್ತಿ ಹುಚ್ಚರ ಡಾಕ್ಟ್ರಾಗಿ ಬರ್ತಾಳ, ಮೊದ್ಲ ಪೇಷೆಂಟ್ ಗಂಡನ,” ಎನ್ನುತ್ತಿದ್ದ. ಮೊದಮೊದಲು ಹೊನ್ನೂರಸ್ವಾಮಿ ಜಗಳಕ್ಕೆ ಹೋಗುತ್ತಿದ್ದ. ಆಮೇಲೆ, “ಹುಚ್ಚರ ಡಾಕ್ಟ್ರಲ್ಲಲೇ, ಸೈಕಾಲಜಿ. ಬಾಯಿ ತಿರುಗಿದ್ರ ಅನ್ನು,” ಎನ್ನತೊಡಗಿದ. ಆ ಪದ ಅವನ ಬಾಯಲ್ಲೂ ಸುಲಭಕ್ಕೆ ತಿರುಗಿರಲಿಲ್ಲ. ಟಿಪ್ಪರಿನಲ್ಲಿ ಒಬ್ಬನೇ ಇರುವಾಗ ಹೇಳಿ ಹೇಳಿ ರೂಢಿಸಿಕೊಂಡಿದ್ದ.

ಚಂದ್ರಕಲಾಳಿಗೆ ಸುಳ್ಳು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಇಲ್ಲಿ ಸಂಜೆಯಾದರೆ ಅಲ್ಲಿ ಮಧ್ಯಾಹ್ನ; ಊಟದ ಬಿಡುವಿನಲ್ಲಿ ಅವಳು ವಿಡಿಯೋ ಕರೆ ಮಾಡುತ್ತಿದ್ದಳು. ಕೋಟು ಹಾಕಿಕೊಂಡು, ಕಿವಿ ಮುಚ್ಚುವ ಟೋಪಿಯೊಳಗೆ ಅವಳ ಮುಖ ಸಣ್ಣದಾಗಿ ಕಾಣುತ್ತಿತ್ತು. ಮೊದಲ ತಿಂಗಳುಗಳಲ್ಲಿ ಅಲ್ಲಿನವರ ಇಂಗ್ಲಿಷು ಅರ್ಥವಾಗದೆ ತರಗತಿಯಿಂದ ಬಂದು ಅತ್ತಿದ್ದಳು. ಮೊದಲ ಪ್ರಬಂಧಕ್ಕೆ ಕಡಿಮೆ ಅಂಕ ಬಂದಾಗ ವಾಪಸು ಬರುತ್ತೇನೆ ಎಂದಿದ್ದಳು. ಈಗೀಗ ಕಾಲೂರಿದ್ದಳು. ಅಲ್ಲಿನ ಚಿಕಿತ್ಸಾ ಕೇಂದ್ರದಲ್ಲಿ ನಿಜವಾದ ರೋಗಿಗಳ ಮುಂದೆ ಕೂರುವ ತರಬೇತಿ ಆಗಷ್ಟೇ ಶುರುವಾಗಿತ್ತು. ಅದನ್ನು ತಪ್ಪಿಸಿಕೊಂಡರೆ ವರ್ಷವೇ ಹೋದಂತೆ.

“ಅತ್ತಿ ಎಲ್ಲಿ?” ಎನ್ನುತ್ತಿದ್ದಳು. “ಮಲಗ್ಯಾಳ.” “ಗುಡಿಗೆ ಹೋಗ್ಯಾಳ.” “ಎಲ್ಲಾ ಮಸ್ತ್ ಐತಿ, ನೀ ಓದು.”

ಒಂದು ದಿನ ಚಂದ್ರಕಲಾ ಟೋಪಿ ತೆಗೆದು ಪಕ್ಕಕ್ಕಿಟ್ಟಳು.

“ರೀ, ನಮ್ಮತ್ತಿ ಸಂಜಿ ಹೊತ್ತಿನ್ಯಾಗ ಮಲಗೋ ಹೆಂಗಸಲ್ಲ. ಮತ್ತ, ನೀವು ಸುಳ್ಳು ಹೇಳೋವಾಗಷ್ಟ ‘ಮಸ್ತ್ ಐತಿ’ ಅಂತೀರಿ. ಬ್ಯಾರೆ ಹೊತ್ತಿನ್ಯಾಗ ನಿಮಗ ಯಾವುದೂ ಮಸ್ತ್ ಇರಂಗಿಲ್ಲ. ಏನಾಗೇತಿ?”

ಹೊನ್ನೂರಸ್ವಾಮಿ ಹೇಳಿದ. ಬಿದ್ದದ್ದು, ಆಪರೇಷನ್ನು, ಮಂಚ, ಎಲ್ಲವನ್ನೂ. ಅವಳು ಅಳಲಿಲ್ಲ. ಅವನು ಅಂಜಿದ್ದು ಅದಕ್ಕೇ. ಅವಳ ದನಿ ತಣ್ಣಗಾಗಿತ್ತು.

“ನನ್ನ ಅತ್ತಿ ಬಿದ್ದಾರಂತ ನನಗ ಹೇಳ್ದಂಗ ಇರಾಕ ನೀವ್ಯಾರು?”

“ತಪ್ಪಾತು.”

“ಅಲ್ಲಿ ನೀವೆಲ್ಲಾ ಒಂದು ಮನಿ, ನಾನೊಬ್ಬಾಕಿ ಹೊರಗಿನಾಕಿ ಆದ್ನೇನು? ನಾಳೆ ಟಿಕೆಟ್ ಮಾಡಸ್ತೀನಿ. ಬರ್ತೀನಿ.”

ಬಾ ಎನ್ನಲು ಅವನ ನಾಲಿಗೆ ತುದಿಯವರೆಗೂ ಬಂದಿತ್ತು. ಅವನಿಗೂ ದಣಿವಾಗಿತ್ತು. ಹಿಟ್ಟು ಮೆತ್ತಿದ ಕೈ, ಗಣಿಯ ಧೂಳು, ತಾಯಿಯ ನರಳಾಟ, ಬರಿದಾದ ಹಾಸಿಗೆಯ ಅರ್ಧ. ಅವನು ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಫೋನನ್ನು ಒಳಗೆ ಒಯ್ದು ತಾಯಿಯ ಮುಖದ ಮುಂದೆ ಹಿಡಿದ.

ಅತ್ತೆಯ ಮುಖ ಕಂಡದ್ದೇ ಚಂದ್ರಕಲಾಳ ತಣ್ಣನೆಯ ದನಿ ಒಡೆಯಿತು. “ಅತ್ತೀ...”

“ಅಳಬ್ಯಾಡ. ಅಲ್ಲಿ ಮಂದಿ ನೋಡ್ತಾರ,” ಎಂದಳು ಸುಂಕಮ್ಮ.

“ನೋಡ್ಲಿ. ಅತ್ತಿ, ಖರೆ ಹೇಳ್ರಿ. ನಾನು ಬರೋದು ನಿಮಗ ಬ್ಯಾಡೇನು?”

ಸುಂಕಮ್ಮ ಕೂಡಲೇ ಉತ್ತರಿಸಲಿಲ್ಲ. ಚಂದ್ರಕಲಾ ಆತುರಪಡಿಸಲೂ ಇಲ್ಲ. ಹೊನ್ನೂರಸ್ವಾಮಿ ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

“ಬೇಕು,” ಎಂದಳು ಸುಂಕಮ್ಮ ಕಡೆಗೆ. “ಭಾಳ ಬೇಕು. ಇವನ ಕೈ ಒರಟು, ತಲಿ ಬಾಚಿದ್ರ ಕೂದ್ಲ ಕಿತ್ತು ಬರ್ತಾವ. ನಿನ್ನ ಕೂಡ ಕುಂತು ಮಾತಾಡ್ಬೇಕು ಅನಸ್ತೈತಿ. ಸುಳ್ಳು ಯಾಕ ಹೇಳ್ಲಿ? ಆದ್ರ ಬೇಕನ್ನಿಸಿದಾಗೆಲ್ಲ ಹೆಣ್ಣುಮಕ್ಕಳು ಎದ್ದು ಬಂದ ಬಂದ ಅಲ್ಲೇನವ್ವ, ಅವರು ಹಿಡದದ್ದು ಯಾವುದೂ ಮುಗೀಲಾರದ್ದು. ಆವಾಗ ಗಂಡ ಸತ್ತು ನಾನು ಬಿದ್ದಾಗ ನನ್ನ ಕೇಳವ್ರು ಯಾರೂ ಇರಲಿಲ್ಲ. ನೀ ಕಲ್ತು ಬಂದ್ರ ಇಲ್ಲಿ ಎಷ್ಟು ಮಂದಿಗೆ ಆಸರಾಗ್ತಿ. ನನ್ನ ಕಾಲು ಹೆಂಗಾರ ಕೂಡ್ತೈತಿ. ನಿನ್ನ ವರ್ಷ ಮುರದ್ರ ಕೂಡಂಗಿಲ್ಲ.”

ಅವತ್ತು ಚಂದ್ರಕಲಾ ಏನನ್ನೂ ತೀರ್ಮಾನಿಸದೆ ಫೋನಿಟ್ಟಳು. ಮರುದಿನ ಅದೇ ಹೊತ್ತಿಗೆ ಕರೆ ಬಂತು. “ನಾನು ಬರಂಗಿಲ್ಲ ಅತ್ತಿ,” ಎಂದಳು. “ಆದ್ರ ದಿನಾ ನನಗ ಕಾಲು ತೋರಿಸ್ಬೇಕು. ಒಂದು ದಿನ ತಪ್ಪಿದ್ರೂ ಮಾರನೇ ದಿನ ವಿಮಾನದಾಗ ಇರ್ತೀನಿ.”

ಹಾಗಾಗಿ ದಿನವೂ ಸಂಜೆ ಸಂಡೂರಿನ ಆ ಪಡಸಾಲೆಯಲ್ಲಿ ಒಂದು ಸಣ್ಣ ಕವಾಯತು ಶುರುವಾಯಿತು. ಹೊನ್ನೂರಸ್ವಾಮಿ ಫೋನು ಹಿಡಿಯುತ್ತಿದ್ದ, ಹೇಮಾವತಿ ಅಜ್ಜಿಯ ಕಾಲು ಹಿಡಿಯುತ್ತಿದ್ದಳು, ಲೀಡ್ಸಿನಿಂದ ಚಂದ್ರಕಲಾ ‘ಎತ್ರಿ, ಇನ್ನೊಂದೀಟು ಎತ್ರಿ’ ಎಂದು ಹುರಿದುಂಬಿಸುತ್ತಿದ್ದಳು. ನೋವಾದಾಗ ಸುಂಕಮ್ಮ ಸೊಸೆಯನ್ನೂ ಇಂಗ್ಲೆಂಡನ್ನೂ ಒಟ್ಟಿಗೇ ಬೈಯುತ್ತಿದ್ದಳು. ಓಣಿಯ ಹೆಂಗಸರು ನೋಡಲು ಬಂದು ಕಟ್ಟೆಯ ಮೇಲೆ ಕೂರತೊಡಗಿದರು. ಸುಂಕಮ್ಮ ಮೊದಲ ಸಲ ವಾಕರ್ ಹಿಡಿದು ಬಾಗಿಲಿನವರೆಗೆ ನಡೆದ ಸಂಜೆ, ಅತ್ತಲಿಂದ ಚಂದ್ರಕಲಾ ಕೇಕೆ ಹಾಕಿ ಚಪ್ಪಾಳೆ ತಟ್ಟಿದಳು. ಅವಳು ಕುಳಿತಿದ್ದದ್ದು ಗ್ರಂಥಾಲಯದ ಮೊಗಸಾಲೆಯಲ್ಲಿ. ಯಾರೋ ಬಂದು ಸುಮ್ಮನಿರಲು ಹೇಳಿದ್ದು, ಅವಳು ನಾಲಿಗೆ ಕಚ್ಚಿಕೊಂಡು ಫೋನನ್ನು ಅವರ ಕಡೆ ತಿರುಗಿಸಿ ತೋರಿಸಿದ್ದು, ಬಿಳಿಗೂದಲಿನ ಆ ಹೆಂಗಸೂ ಸುಂಕಮ್ಮನಿಗೆ ಕೈ ಬೀಸಿದ್ದು ಎಲ್ಲವನ್ನೂ ಓಣಿಯವರು ಕಂಡರು.

ಮುಂಗಾರು ಬಂದು ಗುಡ್ಡಗಳು ಹಸಿರಾದವು. ಒಂದು ಸಂಜೆ ಚಂದ್ರಕಲಾ ಬೇರೆಯೇ ಮುಖ ಹೊತ್ತು ಫೋನಿನಲ್ಲಿ ಬಂದಳು.

“ಯಾರು, ಏನು ಅಂತ ಹೇಳಂಗಿಲ್ಲ, ಅದು ನಮ್ಮ ಕೆಲಸದ ನೇಮ,” ಎಂದಳು. “ಇಷ್ಟ ಹೇಳ್ತೀನಿ. ಒಬ್ಬರು ಭಾಳ ದಿನದಿಂದ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಇವತ್ತ ನನ್ನ ಮುಂದ ಬಿಟ್ರು. ನಾ ಏನೂ ಕೇಳಲಿಲ್ರಿ, ಸುಮ್ನ ಕುಂತಿದ್ದೆ. ನಮ್ಮ ಪ್ರೊಫೆಸರ್ ಒಂದ ಮಗ್ಗಲದಿಂದ ಕಾಣೋ ಕನ್ನಡಿ ಆಚೆಯಿಂದ ನೋಡಾಕತ್ತಿದ್ರು. ಆಮ್ಯಾಲೆ ಕರದು, ‘ಇಷ್ಟು ಹೊತ್ತು ಮಾತಿಲ್ಲದ ಕುಂದ್ರಾಕ ನಮ್ಮ ಹುಡುಗ್ರಿಗೆ ಆಗಂಗಿಲ್ಲ, ನೀ ಎಲ್ಲಿ ಕಲ್ತಿ?’ ಅಂದ್ರು.”

“ನೀ ಏನಂದಿ?” ಎಂದ ಹೊನ್ನೂರಸ್ವಾಮಿ.

“ನಮ್ಮತ್ತಿ ಮುಂದ ಕುಂತು ಶೇಂಗಾ ಸುಲಿಯೋವಾಗ ಕಲ್ತೆ ಅಂದೆ.”

ಹೊನ್ನೂರಸ್ವಾಮಿ ಫೋನಿಟ್ಟು ಎದ್ದ. ಅವನು ಒಳಗೆ ಹೋಗಿ ತಾಯಿಗೆ ಹೇಳಿದ. “ಅದರಾಗೇನು ದೊಡ್ಡದು,” ಎಂದು ಸುಂಕಮ್ಮ ಸೆರಗು ಕೊಡವಿದಳು. ಸ್ವಲ್ಪ ಹೊತ್ತಿಗೆ ವಾಕರಿನ ಟಕಟಕ ಸದ್ದು ಕೇಳಿಸಿತು. ಹೊರಗೆ ಇಣುಕಿದರೆ ಅವಳು ಓಣಿಯ ಮೂರನೇ ಮನೆಯ ಬಾಗಿಲಲ್ಲಿ ನಿಂತು ಅದೇ ಸುದ್ದಿ ಹೇಳುತ್ತಿದ್ದಳು. ಬಿದ್ದ ಮೇಲೆ ಅವಳು ಅಷ್ಟು ದೂರ ನಡೆದದ್ದು ಅದೇ ಮೊದಲು.

ಸುದ್ದಿ ಗಣಿಯನ್ನೂ ಮುಟ್ಟಿರಬೇಕು. ಮಳೆಗೆ ಅದಿರಿನ ರಸ್ತೆ ಕೆಸರಾಗಿ ಟಿಪ್ಪರುಗಳೆಲ್ಲ ಸಾಲಾಗಿ ನಿಂತಿದ್ದ ಒಂದು ಮಧ್ಯಾಹ್ನ ಕನಕರಾಜ್ ತನ್ನ ಗಾಡಿಯಿಂದ ಇಳಿದು ಹೊನ್ನೂರಸ್ವಾಮಿಯ ಕ್ಯಾಬಿನ್ ಹತ್ತಿದ. ಬೀಡಿ ಹಚ್ಚಲಿಲ್ಲ. ಗೇರ್ ಕಡ್ಡಿಯ ತುದಿಯ ಗುಂಡನ್ನು ಅಂಗೈಯಲ್ಲಿ ಉಜ್ಜುತ್ತ ಕುಳಿತ.

“ಅತ್ತಿಗಿ ಯಾವಾಗ ಬರ್ತಾರ?”

ಅತ್ತಿಗಿ ಎಂಬ ಮಾತು ಅವನ ಬಾಯಲ್ಲಿ ಹೊಸದು. “ದಸರಾಕ್ಕಿಂತ ಮೊದ್ಲ,” ಎಂದ ಹೊನ್ನೂರಸ್ವಾಮಿ. “ಯಾಕ?”

“ಸುಮ್ನ ಕೇಳಿದೆ.” ಕನಕರಾಜ್ ಮುಂದಿನ ಗಾಜಿನ ಮೇಲೆ ಇಳಿಯುವ ನೀರು ನೋಡಿದ. “ನಮ್ಮ ಮುರುಗೇಶನ ಟಿಪ್ಪರ್ ಗುಡ್ಡದ ತಿರುವಿನ್ಯಾಗ ಉರುಳಿತಲ್ಲ, ಹಿಂದಿನ ಗಾಡಿ ನಂದ ಇತ್ತು. ಆವಾಗಿಂದ ಕಣ್ಣು ಮುಚ್ಚಿದ್ರ ಅದ ಬರ್ತೈತಿ. ಮನಿಯಾಗ ಹೇಳಿಲ್ಲ. ಯಾರ ಮುಂದೂ ಹೇಳಿಲ್ಲ.”

ಹಳೆಯ ಮಾತುಗಳನ್ನೆಲ್ಲ ಬಡ್ಡಿ ಸಮೇತ ತೀರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಹೊನ್ನೂರಸ್ವಾಮಿ ಎಂಜಿನ್ ಆರಿಸಿದ. ಕಿಟಕಿಯ ಗಾಜು ಏರಿಸಿದ. ಮಳೆಯ ಸದ್ದು ಹೊರಗುಳಿಯಿತು.

“ಹೇಳು,” ಎಂದ. ಆಮೇಲೆ ಸುಮ್ಮನಾದ.

ಚಂದ್ರಕಲಾ ಬರುವ ದಿನ ಸುಂಕಮ್ಮ ಕೋಳಿ ಕೂಗುವ ಮೊದಲೇ ಎದ್ದು ಇಳಕಲ್ ಸೀರೆ ಉಟ್ಟು ಕುಳಿತಿದ್ದಳು. ಹೊಸಪೇಟೆ ಸ್ಟೇಷನ್ನಿಗೆ ತಾನೂ ಬರುತ್ತೇನೆಂದು ಹಟ ಹಿಡಿದಳು. ಹಾಗೆಂದ ಮೇಲೆ ತಡೆಯುವವರಾರು? ಅವರು ಹೋಗಿ ಸೇರುವ ಹೊತ್ತಿಗೆ ಮೂಕಣ್ಣ ಚೋರನೂರಿನಿಂದ ಬಂದು ಪ್ಲಾಟ್‌ಫಾರ್ಮಿನ ಚಹಾದಂಗಡಿಯವನ ಜೊತೆ ಮಾತಿಗಿಳಿದಿದ್ದ. “ನಮ್ಮ ಅಕ್ಕನ ಸೊಸಿರೀ. ಇಂಗ್ಲೆಂಡಿನ್ಯಾಗ ಓದಿ ಬರಾಕತ್ಯಾಳ. ನಾವ ಕಳಿಸಿದ್ವಿ,” ಎನ್ನುತ್ತಿದ್ದ. ಹೊನ್ನೂರಸ್ವಾಮಿ ಕೇಳಿಸಿಕೊಂಡರೂ ಕೇಳಿಸದವನಂತೆ ಆಚೆ ತಿರುಗಿ ನಕ್ಕ.

ಬೆಂಗಳೂರಿನ ರೈಲು ಬಂದು ನಿಂತಿತು. ಜನ ಇಳಿದರು, ಹಂಪಿ ನೋಡಲು ಬಂದ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಏರಿಸಿಕೊಂಡು ನುಗ್ಗಿದರು. ಅವರ ಹಿಂದೆ ಚಂದ್ರಕಲಾ ಇಳಿದಳು. ಸ್ವಲ್ಪ ಸೊರಗಿದ್ದಳು. ಹೇಮಾವತಿ ಓಡಿಹೋಗಿ ತಬ್ಬಿಕೊಂಡಳು. ತಾಯಿಗೂ ಮಗಳಿಗೂ ಈಗ ಭುಜ ಸಮಸಮ ಬರುತ್ತಿತ್ತು. ಚಂದ್ರಕಲಾ ಗಂಡನನ್ನು ನೋಡಿದಳು. ಅವನು ಅವಳ ಪೆಟ್ಟಿಗೆಯನ್ನು ಇಸಿದುಕೊಂಡ.

ಆಮೇಲೆ ಅವಳು ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಮುಟ್ಟಿದ ಕೈ ಅಲ್ಲೇ, ಪಾದದ ಮೇಲೆ, ತುಸು ಹೊತ್ತು ನಿಂತಿತು.

“ಏಳು ಏಳು. ಅಲ್ಲಿ ಊಟ ಹಾಕ್ತಿರಲಿಲ್ಲೇನು?” ಎಂದಳು ಸುಂಕಮ್ಮ. ಸೊಸೆ ತೋಳು ಹಿಡಿಯಲು ಬಂದರೆ ಬೇಡವೆಂದು ಕೈ ಕೊಸರಿಕೊಂಡಳು. ವಾಕರನ್ನು ಮುಂದಿಟ್ಟು, ಅದರ ಹಿಂದೆ ಒಂದು ಹೆಜ್ಜೆ, ಮತ್ತೆ ಮುಂದಿಟ್ಟು ಇನ್ನೊಂದು ಹೆಜ್ಜೆ, ಹೊರಬಾಗಿಲಿನ ಕಡೆ ಹೊರಟಳು. ಪ್ಲಾಟ್‌ಫಾರ್ಮಿನ ಜನವೆಲ್ಲ ಎರಡೂ ಬದಿಯಿಂದ ಸರಿದು ಅವಳನ್ನು ದಾಟಿಕೊಂಡು ಹೋಗುತ್ತಿದ್ದರು. ಅವಳ ಹಿಂದೆ ಚಂದ್ರಕಲಾ, ಹೇಮಾವತಿ, ಪೆಟ್ಟಿಗೆ ಹೊತ್ತ ಹೊನ್ನೂರಸ್ವಾಮಿ, ಎಲ್ಲರೂ ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು, ಯಾರೂ ಅವಸರ ಮಾಡದೆ ನಡೆದರು.